ಅಕ್ಕನ ಮಗಳ ಇಇಜಿ

ಅಕ್ಕನ ಎಂಟು ವರ್ಷದ ಮಗಳು ಓದುತ್ತಲೋ ಉಣ್ಣುತ್ತಲೋ ಇರುವಾಗ ಇದ್ದಕ್ಕಿದ್ದಂತೆ ದೃಷ್ಟಿ ನೆಟ್ಟು ಸ್ತಬ್ಧಳಾಗಿ, ಕೆಲವು ಸೆಕೆಂಡುಗಳ ಮೇಲೆ ಏನೂ ಆಗಿಲ್ಲವೆಂಬಂತೆ ಬಿಟ್ಟ ತುತ್ತನ್ನು ಮುಂದುವರಿಸುತ್ತಿದ್ದಳು. ಶಾಲೆಯವರ ದೂರು ‘ಪಾಠದಲ್ಲಿ ಗಮನವಿಲ್ಲ’ ಎಂಬುದಷ್ಟೇ ಆಗಿತ್ತು. ಫಿಟ್ಸ್ ಎಂದರೆ ನೆಲಕ್ಕೆ ಬಿದ್ದು ಕೈಕಾಲು ಸೆಟೆಯುವುದು, ಕೈಗೆ ಕಬ್ಬಿಣದ ಬೀಗದಕೈ ಹಿಡಿಸುವುದು ಎಂದಷ್ಟೇ ಬಲ್ಲ ನಮ್ಮ ಮನೆಯಲ್ಲಿ ಇದನ್ನು ಆ ಹೆಸರಿನಿಂದ ಕರೆಯಲು ಯಾರೂ ಸಿದ್ಧರಿರಲಿಲ್ಲ. (ಬಹುಪಾಲು ಸೆಳವುಗಳು ತಾವಾಗಿಯೇ ನಿಲ್ಲುತ್ತವೆ, ಕೀರ್ತಿ ಮಾತ್ರ ಕಬ್ಬಿಣಕ್ಕೆ ಹೋಗುತ್ತದೆ.)

ದಾವಣಗೆರೆಯ ನರರೋಗ ತಜ್ಞರು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡಿಸಲು ಬರೆದುಕೊಟ್ಟರು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ನಸುಕಿನಲ್ಲೇ ಎಬ್ಬಿಸಬೇಕು, ತಲೆಗೆ ಎಣ್ಣೆ ಹಚ್ಚಬಾರದು ಎಂದು ಸೂಚಿಸಿದ್ದರು. ನಿದ್ದೆಗೆಟ್ಟ ಮಿದುಳಿನಲ್ಲಿ ಅಪಸ್ಮಾರದ (ಫಿಟ್ಸ್ ಕಾಯಿಲೆಯ) ಅಲೆಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಎಣ್ಣೆಯಿಲ್ಲದ ಕೂದಲನ್ನು ಅಮ್ಮ ಹೇಗೋ ಸಹಿಸಿಕೊಂಡರು, ಆದರೆ “ಕೂಸಿನ ತಲಿಗೆ ಕರೆಂಟ್ ಕೊಡ್ತಾರಂತಲ್ಲ” ಎಂಬ ಭಯ ಆಸ್ಪತ್ರೆಯ ಬಾಗಿಲವರೆಗೂ ಅವರ ಜೊತೆಗೇ ಬಂದಿತು.

“ನಾವೇನೂ ಕೊಡೋದಿಲ್ಲಮ್ಮ, ಅವಳ ತಲೆಯಿಂದ ಬರೋದನ್ನ ಬರ್ಕೊಳ್ತೀವಿ ಅಷ್ಟೇ” ಎಂದರು ತಂತ್ರಜ್ಞೆ. ಟೇಪಿನಿಂದ ತಲೆಯನ್ನು ಅಳೆದು, ಪೆನ್ಸಿಲಿನಿಂದ ಗುರುತು ಹಾಕಿ, ಇಪ್ಪತ್ತರಷ್ಟು ಪುಟ್ಟ ಲೋಹದ ಬಿಲ್ಲೆಗಳನ್ನು ಪೇಸ್ಟಿನಿಂದ ಅಂಟಿಸಿದರು. ಬುರುಡೆಯನ್ನೂ ಚರ್ಮವನ್ನೂ ದಾಟಿ ಹೊರಬರುವ ವಿದ್ಯುತ್ತು ಮೈಕ್ರೊವೋಲ್ಟುಗಳಲ್ಲಿ ಅಳೆಯುವಷ್ಟು ಕ್ಷೀಣವಾದದ್ದು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಅದನ್ನು ಮನುಷ್ಯನ ತಲೆಯಿಂದ ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದಾಗ ಬಹಳಷ್ಟು ಜನ ನಂಬಿರಲಿಲ್ಲ.

ಕಣ್ಣು ಮುಚ್ಚಿಸಿದರು, ಬೆಳಕು ಮಿನುಗಿಸಿದರು. ಪರದೆಯ ಗೆರೆಗಳು ಸಾಧಾರಣವಾಗಿಯೇ ಹರಿದವು. ಅನಂತರ ಅವಳ ಮುಂದೆ ಕಾಗದದ ಗಿರಗಿಟ್ಟಲೆ ಹಿಡಿದು, ಮೂರು ನಿಮಿಷ ಜೋರಾಗಿ ಊದುತ್ತಲೇ ಇರಬೇಕೆಂದರು. ರಭಸದ ಉಸಿರಾಟ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡನ್ನು ತಗ್ಗಿಸುತ್ತದೆ, ಈ ಬಗೆಯ ಅಪಸ್ಮಾರವಿರುವ ಮಕ್ಕಳಲ್ಲಿ ಅದರಿಂದಲೇ ಸೆಳವು ಎದ್ದುಬರುವುದುಂಟು. ನಡುವೆ ಗಿರಗಿಟ್ಟಲೆ ನಿಂತಿತು. ಅದೇ ಕ್ಷಣ ಎಲ್ಲ ಗೆರೆಗಳೂ ಒಟ್ಟಿಗೆ ಎದ್ದು, ಒಂದು ಮೊನಚು ಅಲೆ, ಅದರ ಬೆನ್ನಿಗೆ ಒಂದು ದುಂಡು ಅಲೆ, ಹೀಗೆ ಸೆಕೆಂಡಿಗೆ ಮೂರರಂತೆ ಪರದೆಯನ್ನು ತುಂಬಿದವು. ತಂತ್ರಜ್ಞೆ ಮೆಲ್ಲಗೆ “ಮಾವಿನಹಣ್ಣು” ಎಂದರು. ಅಲೆಗಳು ಅಡಗಿ ಅವಳು ಮತ್ತೆ ಊದತೊಡಗಿದ ಮೇಲೆ, ಏನು ಹೇಳಿದೆ ಎಂದು ಕೇಳಿದರೆ ಅವಳಿಗೆ ಗೊತ್ತೇ ಇರಲಿಲ್ಲ. ಶಾಲೆಯವರು ಅಸಡ್ಡೆಯೆಂದು ಬಗೆದದ್ದು ಹೀಗೆ ನಮ್ಮ ಕಣ್ಣೆದುರೇ ದಾಖಲಾಯಿತು. ಅಕ್ಕನ ಮುಖದಲ್ಲಿ ನಾನು ಕಂಡದ್ದು ಗಾಬರಿಗಿಂತ ಹೆಚ್ಚಾಗಿ ನಿರಾಳ.

ಎಂಆರ್‌ಐ ಬೇಡವೇ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಿದುಳಿನ ಕಾಂತಕ್ಷೇತ್ರವನ್ನೇ ಅಳೆಯುವ ಎಂಇಜಿ ಇದೆಯಂತಲ್ಲ ಎಂದು ಭಾವ ಕೇಳಿದರು. ಎಂಆರ್‌ಐ ತೋರಿಸುವುದು ಮಿದುಳಿನ ರಚನೆಯನ್ನು, ಈ ಬಗೆಯಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ; ಎಂಇಜಿ ಹೆಚ್ಚಾಗಿ ಬೇಕಾಗುವುದು ಔಷಧಿಗೆ ಬಗ್ಗದೆ ಶಸ್ತ್ರಚಿಕಿತ್ಸೆಯ ಯೋಚನೆ ಬಂದವರಲ್ಲಿ ಎಂದು ವೈದ್ಯರು ವಿವರಿಸಿದರು. ಇಂದಿನ ಇಇಜಿ ಸಾಧಾರಣವಾಗಿ ಬಂದಿದ್ದರೂ ಅಷ್ಟರಿಂದಲೇ ಅಪಸ್ಮಾರವಿಲ್ಲವೆಂದು ಹೇಳಲಾಗುತ್ತಿರಲಿಲ್ಲ ಎಂದೂ ಸೇರಿಸಿದರು.

ಮಾತ್ರೆ ಶುರುವಾಯಿತು, ವರದಿಯ ಪ್ರತಿಯನ್ನು ಅಕ್ಕ ಶಾಲೆಗೂ ಕೊಟ್ಟಳು. ಈಗ ಪ್ರತಿ ಭೇಟಿಯಲ್ಲೂ ವೈದ್ಯರು ಯಂತ್ರವಿಲ್ಲದೆ, ತಮ್ಮ ಕೋಣೆಯಲ್ಲೇ, ಅವಳಿಂದ ಮೂರು ನಿಮಿಷ ಕಾಗದ ಊದಿಸಿ ನೋಡುತ್ತಾರೆ.