ಬೆನ್ನ ಮೇಲೆ ಮನೆ, ಎದುರಿಗೆ ಗಾಳಿ

ರಾತ್ರಿ ಎರಡು ಗಂಟೆಗೆ ಅಕ್ಕ ಭುಜ ಅಲ್ಲಾಡಿಸಿ ಎಬ್ಬಿಸಿದಳು. "ಏಳೋ, ಗಾಡಿ ತಿರುಗಿಸು. ಗಾಳಿ ದಿಕ್ಕು ಬದಲಾಯಿಸಿದೆ."

ಮಲಗುವಾಗ ಟ್ರಕ್ಕಿನ ಮೂತಿಯನ್ನು ಗಾಳಿಗೆ ಎದುರಾಗಿಯೇ ನಿಲ್ಲಿಸಿದ್ದೆ. ಈಗ ಗಾಳಿ ಪಕ್ಕದಿಂದ ಗುದ್ದುತ್ತಿತ್ತು. ನಾವು ಮಲಗಿದ್ದ ಪುಟ್ಟ ಕೋಣೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಹೊರಗೆ ಇಳಿಯುವಾಗ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದ ಗಾಳಿಗೆ ಕಾರಿನ ಬಾಗಿಲೇ ಹಿಮ್ಮುರಿಯುತ್ತದೆ. ನಮ್ಮದು ನಾವೇ ಕೂಡಿಸಿದ ಬಾಗಿಲು, ಮೂರು ತಿರುಪುಗಳ ಮೇಲೆ ನಿಂತದ್ದು.

ಗಾಡಿ ತಿರುಗಿಸಿ ಒಳಗೆ ಬಂದಾಗ ಅಕ್ಕ ಹೇಳಿದ್ದು ಒಂದೇ ಮಾತು: "ಬಟ್ಟೆ ಗೋಡೆ ಆಗಿದ್ದರೆ?"

ನಾವಿದ್ದದ್ದು ಬಾಜೊ ಕರಾಕೋಲೆಸ್ ಹತ್ತಿರ. ಅರ್ಜೆಂಟೀನಾದ ಸಾಂತಾ ಕ್ರೂಸ್ ಪ್ರಾಂತ್ಯದಲ್ಲಿ, ರೂತಾ 40 ಹೆದ್ದಾರಿಯ ಮೇಲೆ ನಾಲ್ಕಾರು ಮನೆ, ಒಂದು ಪೆಟ್ರೋಲ್ ಪಂಪು. ಅಷ್ಟೇ ಊರು. 'ಕರಾಕೋಲ್' ಅಂದರೆ ಸ್ಪಾನಿಷ್‌ನಲ್ಲಿ ಬಸವನಹುಳು. ಬೆನ್ನ ಮೇಲೆ ಮನೆ ಹೊತ್ತು ತೆವಳಿಕೊಂಡು ಬಂದ ನಮಗೆ ಇದಕ್ಕಿಂತ ಸರಿಯಾದ ಊರು ಸಿಗುತ್ತಿತ್ತಾ?

ಟ್ರಕ್ಕಿನ ಬೆನ್ನ ಮೇಲಿನ ಈ ಮನೆ, ಅಂದರೆ ಕ್ಯಾಂಪರ್, ಕಟ್ಟಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಮೂರು ತಿಂಗಳು ದಂಡ. ಯಾಕೆಂದರೆ ನಾನು ಮನೆಯ ಚಿತ್ರ ಬರೆಯುವುದರಿಂದ ಶುರು ಮಾಡಿದ್ದೆ. ಹಾಸಿಗೆ ಎಲ್ಲಿ, ಒಲೆ ಎಲ್ಲಿ, ಕಿಟಕಿ ಎಷ್ಟು ದೊಡ್ಡದು ಅಂತ. ಅಕ್ಕ ಜೀವನವಿಡೀ ಲೆಕ್ಕ ಬರೆದವಳು. ಅವಳು ಚಿತ್ರ ನೋಡಲೇ ಇಲ್ಲ. "ಗಾಡಿ ಎಷ್ಟು ಹೊರುತ್ತೆ?" ಅಂದಳು.

ಅಲ್ಲಿಂದಲೇ ಶುರು ಮಾಡಬೇಕಿತ್ತು. ನಮ್ಮ ಪಿಕಪ್ ಟ್ರಕ್ಕಿನ ಒಟ್ಟು ತೂಕದ ಮಿತಿ 3,200 ಕಿಲೋ. ಖಾಲಿ ಗಾಡಿಯೇ 2,150. ಉಳಿದದ್ದು 1,050 ಕಿಲೋ. ಕೇಳಲು ಸಾಕಷ್ಟು ಅನಿಸುತ್ತದೆ ಅಲ್ವಾ? ಅದರಲ್ಲಿ ನಾವಿಬ್ಬರು 130. ನೀರು 80 ಲೀಟರ್ ಅಂದರೆ 80 ಕಿಲೋ. ಬ್ಯಾಟರಿ, ಫ್ರಿಜ್, ಹೀಟರ್, ಇನ್ನೊಂದು ಸ್ಟೆಪ್ನಿ, ಹಾಸಿಗೆ, ಬಟ್ಟೆ, ಪಾತ್ರೆ, ದಿನಸಿ. ಇವೆಲ್ಲ ಕಳೆದು ಕೋಣೆಗೆ ಅಂತ ಉಳಿದದ್ದು 400 ಕಿಲೋ ಒಳಗೆ. ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದು, ಚಕ್ರಗಳನ್ನು ಜೋಡಿಸುವ ಒಂದೊಂದು ಆಕ್ಸಲ್ಲಿಗೂ ಅದರದೇ ಮಿತಿ ಇರುತ್ತದೆ. ಕೋಣೆಯ ಭಾರದ ನಡುಬಿಂದು ಹಿಂದಿನ ಆಕ್ಸಲ್ಲಿಗಿಂತ ಸ್ವಲ್ಪ ಮುಂದೆ ಬೀಳಬೇಕು. ಹಿಂದೆ ಬಿದ್ದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ತೇಲುತ್ತದೆ. ಜೊತೆಗೆ ಕ್ಯಾಬಿನ್ನಿನ ಬೆನ್ನಿಗೇ ಚಾಸಿ, ಅಂದರೆ ಗಾಡಿಯ ಅಡಿ ಚೌಕಟ್ಟು, ಬಗ್ಗುವ ಅಪಾಯ. ಭಾರ ಹಿಂದಕ್ಕೆ ಜೋತುಬಿದ್ದ ಪಿಕಪ್‌ಗಳ ಚಾಸಿ ಬಗ್ಗಿದ, ಬಿರುಕುಬಿಟ್ಟ ಫೋಟೋಗಳನ್ನು ನೋಡಿದ ಮೇಲೆ ನನ್ನ ದೊಡ್ಡ ಕಿಟಕಿ ತಾನಾಗಿಯೇ ಚಿಕ್ಕದಾಯಿತು.

ಜಾಸ್ತಿ ಜಗಳ ಆಗಿದ್ದು ಚಾವಣಿ ಬಗ್ಗೆ. ಮೇಲೆತ್ತುವ ಚಾವಣಿ, ಅಂದರೆ ಪಾಪ್-ಅಪ್ ಬೇಕು ಅಂತ ನನ್ನ ಹಟ. ಓಡಿಸುವಾಗ ಗಾಡಿ ಕುಳ್ಳಗಿರುತ್ತದೆ, ಗಾಳಿ ಕಡಿಮೆ ತಾಗುತ್ತದೆ, ಮರದ ಕೊಂಬೆಗೆ ಸಿಗುವುದಿಲ್ಲ, ತೂಕವೂ ಕಡಿಮೆ. ಅಕ್ಕನಿಗೆ ಬೇಕಿದ್ದದ್ದು ಗಟ್ಟಿ ಗೋಡೆ. ಪಾಪ್-ಅಪ್‌ನ ಮೇಲರ್ಧ ಬರೀ ಬಟ್ಟೆ. ಚಳಿ ನುಗ್ಗುತ್ತದೆ. ಮಳೆಯಲ್ಲಿ ಒದ್ದೆಯಾದದ್ದನ್ನು ಹಾಗೇ ಮಡಚಬೇಕು. ಗಾಳಿ ಬಂದರೆ ರಾತ್ರಿಯಿಡೀ ಪಟಪಟ. ಕೊನೆಗೆ ಅವಳೇ ಗೆದ್ದಳು. ಅದಕ್ಕೆ ಬೆಲೆಯನ್ನೂ ತೆತ್ತೆವು. 2.75 ಮೀಟರ್ ಎತ್ತರದ ಆ ಡಬ್ಬವನ್ನು ಹೊತ್ತು ಲೀಟರಿಗೆ 9 ಕಿಲೋಮೀಟರ್ ಓಡುತ್ತಿದ್ದ ಗಾಡಿ, ರೂತಾ 40ರ ಎದುರುಗಾಳಿಗೆ 6ಕ್ಕೆ ಇಳಿಯಿತು. ಆದರೂ ಆ ರಾತ್ರಿಯ ನಂತರ ನಾನು ಆ ವಿಷಯ ಎತ್ತಿಲ್ಲ.

ಗೋಡೆಗೆ ನಡುವೆ ಫೋಮ್, ಎರಡೂ ಕಡೆ ಫೈಬರ್‌ಗ್ಲಾಸ್ ಇರುವ ಹಲಗೆ ಹಾಕಿದೆವು. ಒಳಗೆ ಅಲ್ಯೂಮಿನಿಯಂ ಚೌಕಟ್ಟು ಕೊಡಲಿಲ್ಲ. ಲೋಹ ಒಳಗಿನಿಂದ ಹೊರಗಿನವರೆಗೆ ಇದ್ದರೆ ಚಳಿ ಅದರ ಮೂಲಕವೇ ಒಳಗೆ ಬರುತ್ತದೆ, ಅಲ್ಲೇ ನೀರು ಬೆವರುತ್ತದೆ. ಇಬ್ಬರು ಮಲಗಿದರೆ ಉಸಿರಿನ ತೇವವೇ ಸಾಕು, ಬೆಳಗ್ಗೆ ಗಾಜಿನ ಮೇಲೆ ಹನಿ ಇಳಿಯುತ್ತಿರುತ್ತದೆ. ಹಾಗಾಗಿ ಎಷ್ಟೇ ಚಳಿಯಿದ್ದರೂ ಚಾವಣಿಯ ಕಿಂಡಿ ಒಂದು ಬೆರಳಷ್ಟು ತೆರೆದಿರಬೇಕು. ಲಿಥಿಯಂ ಬ್ಯಾಟರಿಯನ್ನೂ ಹಾಸಿಗೆಯ ಕೆಳಗೆ, ಬೆಚ್ಚಗಿನ ಜಾಗದಲ್ಲಿಟ್ಟೆವು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ.

ಹೊರಡುವ ಹಿಂದಿನ ವಾರ ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆವು. ಒಟ್ಟು 3,080. ಹಿಂದಿನ ಆಕ್ಸಲ್ 1,820, ಅದರ ಮಿತಿ 1,850. ಉಳಿದದ್ದು ಮೂವತ್ತೇ ಕಿಲೋ. ಅಕ್ಕ ನೋಟ್‌ಬುಕ್ ಹಿಡಿದು ಒಂದೊಂದೇ ಸಾಮಾನು ಕೆಳಗಿಳಿಸಿದಳು. "ಇದು ಯಾಕೆ? ಇದು?" ಅಂತ. ಎರಡು ಮಡಚುವ ಕುರ್ಚಿ, ಒಂದೊಂದು ಮೂರೂವರೆ ಕಿಲೋ. ಅವು ಬೇಕೇ ಬೇಕು ಅಂದೆ. ಸಂಜೆ ಬೆಟ್ಟ ನೋಡುತ್ತಾ ಕೂರುವುದು ಬೇಡವಾ? ಬದಲಿಗೆ ನಟ್ಟು, ಬೋಲ್ಟು, ವಾಶರ್ ತುಂಬಿದ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿದೆ. "ಅದೇನು, ಎಲ್ಲಿ ಬೇಕಾದರೂ ಸಿಗುತ್ತೆ."

ಆಮೇಲೆ ಗಾಡಿ ಹಡಗಿನಲ್ಲಿ ಉರುಗ್ವೆಯ ಮೊಂಟೆವಿಡಿಯೊಗೆ ಹೋಯಿತು. ನಾವು ಅಲ್ಲಿ ಅದನ್ನು ಬಿಡಿಸಿಕೊಂಡು ದಕ್ಷಿಣಕ್ಕೆ ಹೊರಟೆವು.

ಬಾಜೊ ಕರಾಕೋಲೆಸ್ ಹತ್ತಿರದಿಂದ ಮಣ್ಣುದಾರಿ ಹಿಡಿದು ಕುಯೆವಾ ದೆ ಲಾಸ್ ಮಾನೋಸ್ ನೋಡಲು ಹೋದೆವು. ಪಿಂತುರಾಸ್ ನದಿಯ ಕಮರಿಯಲ್ಲಿರುವ 'ಕೈಗಳ ಗುಹೆ' ಅದು. ಬಂಡೆಗೆ ಅಂಗೈ ಒತ್ತಿ, ಸುತ್ತ ಬಣ್ಣ ಊದಿ ಮೂಡಿಸಿದ ನೂರಾರು ಕೈಗಳು. ಹಳೆಯವು 9 ಸಾವಿರ ವರ್ಷಕ್ಕೂ ಹಿಂದಿನವು. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹೆಚ್ಚಿನವು ಎಡಗೈಗಳೇ. ಬಣ್ಣ ಊದುವ ಕೊಳವೆ ಬಲಗೈಯಲ್ಲಿತ್ತು ಅಂತ ಕಾಣುತ್ತದೆ. ಅಕ್ಕ ತನ್ನ ಎಡಗೈ ಎತ್ತಿ ದೂರದಿಂದಲೇ ಅಳತೆ ನೋಡಿದಳು.

ಅಲ್ಲಿಂದ ಬಂದು ಕ್ಯಾಂಪರ್ ಬಾಗಿಲು ತೆಗೆದರೆ ಹಾಸಿಗೆ, ದಿಂಬು, ಚಮಚ, ಎಲ್ಲದರ ಮೇಲೂ ಹಿಟ್ಟಿನಂಥ ಧೂಳು. ಬಾಗಿಲಿನ ಸುತ್ತ ರಬ್ಬರ್ ಇತ್ತು. ಆದರೆ ಓಡುವ ಡಬ್ಬದ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಚಕ್ರ ಎಬ್ಬಿಸಿದ ಧೂಳು ಅಲ್ಲೇ ಸುಳಿಯುತ್ತಿರುತ್ತದೆ. ಎಲ್ಲಿ ಕೂದಲೆಳೆಯಷ್ಟು ಸಂದಿ ಸಿಕ್ಕಿದರೂ ಒಳಗೆ ನುಗ್ಗುತ್ತದೆ. ರಬ್ಬರನ್ನು ಇನ್ನಷ್ಟು ಬಿಗಿ ಮಾಡುವುದಲ್ಲ ಇದಕ್ಕೆ ದಾರಿ. ಮರುದಿನ ಮುಂಭಾಗದ ಎತ್ತರದ ಕಿಂಡಿಯನ್ನು ಗಾಳಿಗೆ ಮುಖಮಾಡಿ ತುಸು ತೆರೆದು ಓಡಿಸಿದೆ. ಮುಂದಿನಿಂದ ಶುದ್ಧ ಗಾಳಿ ಒಳಗೆ ತುಂಬಿ, ಹಿಂದಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಧೂಳು ಮುಕ್ಕಾಲು ಭಾಗ ನಿಂತಿತು. ಚಮಚಗಳಲ್ಲಿ ಮಾತ್ರ ಇವತ್ತಿಗೂ ಪ್ಯಾಟಗೋನಿಯಾ ಇದೆ.

ಗೊಬೆರ್ನಾದೋರ್ ಗ್ರೆಗೋರೆಸ್ ಅನ್ನುವ ಊರು ದಾಟಿದ ಮೇಲೆ, ತ್ರೆಸ್ ಲಾಗೋಸ್ ಕಡೆಗೆ, ಡಾಂಬರು ಮುಗಿಯುತ್ತದೆ. ಆ ತುಂಡಿಗೆ ಜನ ಇಟ್ಟ ಹೆಸರು 'ಹಾಳಾದ 73'. ಎಪ್ಪತ್ತಮೂರು ಕಿಲೋಮೀಟರ್ ಜಲ್ಲಿ, ಉದ್ದಕ್ಕೂ ತಗಡಿನ ಶೀಟಿನ ಹಾಗೆ ಅಡ್ಡಗೆರೆ. ಚಕ್ರಗಳೇ ನೆಗೆನೆಗೆದು ಆ ಗೆರೆಗಳನ್ನು ಮಾಡುತ್ತವೆ, ಮತ್ತೆ ಅವುಗಳ ಮೇಲೇ ಕುಣಿಯುತ್ತವೆ. ವೇಗವಾಗಿ ಹೋದರೆ ಗೆರೆಗಳ ತಲೆ ಮೇಲೆ ತೇಲಬಹುದು ಅನ್ನುತ್ತಾರೆ. ಹಗುರವಾದ ಗಾಡಿಗೆ ಸರಿ. ಮೂರು ಟನ್ ತೂಗುವ ನಮ್ಮ ಗಾಡಿಗೆ ಅದು ಆಗುವ ಮಾತಲ್ಲ. ಹಿಂದಿನ ಟೈರುಗಳ ಗಾಳಿಯನ್ನು 55ರಿಂದ 40 ಪಿಎಸ್‌ಐಗೆ ಇಳಿಸಿ ಮೂವತ್ತರ ವೇಗದಲ್ಲಿ ಹೊರಟೆವು. ಎರಡೂ ಕಡೆ ಒಣಹುಲ್ಲು. ಆಗಾಗ ಬೇಲಿ ಪಕ್ಕ ನಿಂತು ನೋಡುವ, ಒಂಟೆ ಕುಲದ ಗ್ವಾನಾಕೊಗಳು.

ಅರ್ಧ ದಾರಿಯಲ್ಲಿ ಹಿಂದಿನಿಂದ ಟಕ್ ಟಕ್ ಸದ್ದು. ಮೊದಲು ಪಾತ್ರೆ ಅಂದುಕೊಂಡೆ. ಅಕ್ಕ ಕಿಟಕಿ ಇಳಿಸಿ ಕೇಳಿದಳು. "ಪಾತ್ರೆ ಅಲ್ಲ ಕಣೋ. ನಿಲ್ಲಿಸು."

ನಮ್ಮ ಕೋಣೆ ಚಾಸಿಗೆ ಆರು ಕಡೆ ಕೂತಿದೆ. ಹಿಂದಿನ ನಾಲ್ಕು ಬಿಗಿ. ಕ್ಯಾಬಿನ್ ಹತ್ತಿರದ ಎರಡರಲ್ಲಿ ಬೋಲ್ಟಿಗೆ ಸ್ಪ್ರಿಂಗು. ಗುಂಡಿಯಲ್ಲಿ ಚಾಸಿ ತಿರುಚಿಕೊಂಡಾಗ ಕೋಣೆಯೂ ಜೊತೆಗೆ ತಿರುಚಿ ಮೂಲೆ ಬಿಚ್ಚದಿರಲಿ ಅಂತ. ಕೆಳಗೆ ಮಲಗಿ ನೋಡಿದರೆ ಎಡಗಡೆ ಸ್ಪ್ರಿಂಗಿನ ಬೋಲ್ಟು ಅರ್ಧ ಜಾರಿತ್ತು. ನಟ್ಟು ಇಲ್ಲ. ಹನ್ನೆರಡು ಎಂಎಂ ನಟ್ಟು, ಹೆಬ್ಬೆರಳಿಗಿಂತ ದೊಡ್ಡದಲ್ಲ, ಎಲ್ಲೋ ಹಿಂದೆ ಜಲ್ಲಿಯಲ್ಲಿ ಬಿದ್ದಿತ್ತು. ಪಾನಾ ಇತ್ತು, ಜಾಕ್ ಇತ್ತು, ಕುರ್ಚಿ ಎರಡಿದ್ದವು.

ಅಕ್ಕ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು.

ರ‍್ಯಾಚೆಟ್ ಬೆಲ್ಟಿನಿಂದ ಆ ಮೂಲೆಯನ್ನು ಚಾಸಿಗೆ ಸೇರಿಸಿ ಕಟ್ಟಿ, ನಡೆಯುವ ವೇಗದಲ್ಲಿ ಹೊರಟೆವು. ಒಂದು ಗಂಟೆಯಾದ ಮೇಲೆ ರಸ್ತೆ ಸಮ ಮಾಡುವ ಗ್ರೇಡರ್ ಎದುರಿಗೆ ಬಂತು. ಓಡಿಸುತ್ತಿದ್ದವನು ವಯಸ್ಸಾದ ಮನುಷ್ಯ. ನಮ್ಮ ಸ್ಪಾನಿಷ್ ಅವನಿಗೆ ತಿಳಿಯಲಿಲ್ಲ. ಬೋಲ್ಟು ತೋರಿಸಿದ್ದೇ ಎಲ್ಲ ತಿಳಿಯಿತು. ಡಬ್ಬಿ ತೆಗೆದು ಅಂಗೈ ಮೇಲೆ ನಟ್ಟುಗಳನ್ನು ಸುರಿದುಕೊಂಡು ಆರಿಸಿದ. ನೈಲಾನ್ ಇರುವ ಬಿಗಿ ನಟ್ಟು ಇರಲಿಲ್ಲ. ಅದಕ್ಕೆ ಎರಡು ಸಾದಾ ನಟ್ಟು ಕೊಟ್ಟ. ಒಂದನ್ನು ಬಿಗಿದು, ಅದರ ಮೇಲೆ ಇನ್ನೊಂದನ್ನು ಹಾಕಿ, ಎರಡು ಪಾನಾದಿಂದ ಒಂದಕ್ಕೊಂದು ಎದುರಾಗಿ ತಿರುಗಿಸಿ ಕಚ್ಚಿಸುವುದನ್ನು ತಾನೇ ಕೆಳಗೆ ಮಲಗಿ ತೋರಿಸಿದ.

ದುಡ್ಡು ಕೊಡಲು ಹೋದರೆ ಕೈ ಆಡಿಸಿದ. ಆಮೇಲೆ ಗ್ರೇಡರ್‌ನ ಮೆಟ್ಟಿಲ ಮೇಲೆ ಮುದುರಿ ಕೂತು ಊಟದ ಡಬ್ಬಿ ಬಿಚ್ಚಿದ. ಅಕ್ಕ ಸೀದಾ ಕ್ಯಾಂಪರ್ ಹಿಂದೆ ಹೋಗಿ ಒಂದು ಕುರ್ಚಿ ತಂದು ಅವನ ಮುಂದೆ ಬಿಡಿಸಿಟ್ಟಳು. ಹೊರಟಾಗಿನಿಂದ ಆ ಗಾಳಿಯಲ್ಲಿ ನಾವು ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ. ಅವನು ಗಾಳಿಗೆ ಬೆನ್ನು ಕೊಟ್ಟು, ಗ್ರೇಡರ್‌ನ ದೊಡ್ಡ ಚಕ್ರದ ಮರೆಯಲ್ಲಿ ಆರಾಮಾಗಿ ಕೂತ.

ತ್ರೆಸ್ ಲಾಗೋಸ್ ತಲುಪುವ ಮೊದಲು ಡಾಂಬರು ಸಿಕ್ಕಿತು. ಟೈರಿಗೆ ಗಾಳಿ ತುಂಬಲು ನಿಲ್ಲಿಸಿದಾಗ ಅಕ್ಕ ನೋಟ್‌ಬುಕ್ ತೆಗೆದು ಬರೆದಳು: "ಕುರ್ಚಿ 1, ಕಳೆ 3.5 ಕಿಲೋ. ನಟ್ಟು 2, ಕೂಡು."