ಟ್ಯೂಬಿಂಗನ್‌ನ ಮೆಟ್ಟಿಲು, ಧಾರವಾಡದ ‘ರೀ’

ನಮ್ಮ ಧಾರವಾಡದಲ್ಲಿ ‘ರೀ’ ಇಲ್ಲದೆ ಮಾತು ಮುಂದೆ ಸಾಗುವುದಿಲ್ಲ. ಆಟೋದವರಿಗೆ ‘ಬರ್ತೀರೇನ್ರೀ’, ಫೇಡೆ ಅಂಗಡಿಯವರಿಗೆ ‘ಅರ್ಧ ಕಿಲೋ ಕೊಡ್ರಿ’. ಮನೆಯಲ್ಲಿ ಅಪ್ಪನಿಗೆ ‘ನೀವು’, ಅವ್ವನಿಗೆ ಮಾತ್ರ ‘ನೀ’. ಈ ಲೆಕ್ಕ ಯಾರೂ ಕಲಿಸಿದ್ದಲ್ಲ, ತಾನಾಗಿ ಬಂದದ್ದು. 2024ರ ಮೇ ತಿಂಗಳಲ್ಲಿ ಡಿಎಎಡಿ ಎಂಬ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ವಿದ್ಯಾರ್ಥಿವೇತನದ ಮೇಲೆ ಎರಡೂವರೆ ತಿಂಗಳ ಇಂಟರ್ನ್‌ಶಿಪ್‌ಗೆಂದು ಜರ್ಮನಿಯ ಟ್ಯೂಬಿಂಗನ್‌ಗೆ ಹೋದಾಗ, ಈ ಲೆಕ್ಕವನ್ನೇ ಮೊದಲಿನಿಂದ ಕಲಿಯಬೇಕಾಯಿತು.

ನಾನು ಊರು ಸೇರಿದ್ದು ಶನಿವಾರ ರಾತ್ರಿ. ಮರುದಿನ ಬೆಳಿಗ್ಗೆ ಹಾಲು, ಅಕ್ಕಿ ತರೋಣವೆಂದು ಹೊರಟರೆ ಬೀದಿಗೆ ಬೀದಿಯೇ ಮುಚ್ಚಿತ್ತು. ಭಾನುವಾರ ಅಲ್ಲಿ ಸೂಪರ್‌ಮಾರ್ಕೆಟ್ ತೆರೆಯುವಂತಿಲ್ಲ, ಅದು ಕಾನೂನು. ಚೀಲದಲ್ಲಿ ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ನೆಕರ್ ನದಿಯ ದಂಡೆಗೆ ಹೋಗಿ ಕುಳಿತೆ. ಚಪ್ಪಟೆ ತಳದ ಉದ್ದನೆಯ ದೋಣಿಗಳನ್ನು ಜನ ಕೋಲು ಊರಿ ನಡೆಸುತ್ತಿದ್ದರು. ಎದುರಿಗೆ ಹಳದಿ ಬಣ್ಣದ ಗೋಪುರ: ಕವಿ ಹೋಲ್ಡರ್ಲಿನ್ 1807ರಿಂದ 1843ರವರೆಗೆ, ಸಾಯುವ ತನಕ ಇದ್ದ ಮನೆ. ಆ ನಿಶ್ಶಬ್ದದಲ್ಲಿ ರೊಟ್ಟಿ ಮುರಿದ ಸಪ್ಪಳ ನನಗೇ ದೊಡ್ಡದಾಗಿ ಕೇಳಿಸಿತು. ಅವ್ವನಿಗೆ ಫೋನ್ ಹಚ್ಚಿದೆ. ‘ಊಟ ಆತೇನವಾ?’ ಅಂದಳು. ‘ಆತವ್ವಾ’ ಅಂದೆ. ಮುಂದೆ ಮಾತು ಹೊರಡಲಿಲ್ಲ.

ಸೋಮವಾರದಿಂದ ಕೆಲಸ. ಜರ್ಮನ್ ಭಾಷೆಯಲ್ಲಿ ‘ದು’ ಅಂದರೆ ನೀನು, ‘ಜೀ’ ಅಂದರೆ ನೀವು. ಇಷ್ಟು ಗೊತ್ತಿತ್ತು. ಆದರೆ ಪ್ರಯೋಗಾಲಯದಲ್ಲಿ ಎಲ್ಲರೂ ಪ್ರೊಫೆಸರರನ್ನೇ ಹೆಸರು ಹಿಡಿದು ‘ದು’ ಎನ್ನುತ್ತಿದ್ದರು. ನನ್ನ ಬಾಯಿಗೆ ಅದು ಬರಲೇ ಇಲ್ಲ. ಅತ್ತ, ಗಾಜಿನ ಸಾಮಾನು, ದ್ರಾವಣಗಳನ್ನು ನೋಡಿಕೊಳ್ಳುವ ತಂತ್ರಜ್ಞೆ, ಅವ್ವನ ವಯಸ್ಸಿನವರು, ಇಪ್ಪತ್ತೊಂದರ ನನಗೆ ‘ಜೀ’ ಎನ್ನುತ್ತಿದ್ದರು. ನನ್ನಿಂದ ತಪ್ಪಾಗಿದೆಯೇನೋ, ದೂರ ಇಡುತ್ತಿದ್ದಾರೇನೋ ಎಂದು ಕೊರಗಿದೆ. ಮೂರನೇ ವಾರ ಅವರೇ ಕರೆದು, ಕೈಕುಲುಕಿ, ಇನ್ನು ಮುಂದೆ ‘ದು’ ಅನ್ನೋಣ ಎಂದರು. ‘ದು’ಗೆ ಕರೆಯಬೇಕಾದದ್ದು ಹಿರಿಯರು. ಅಲ್ಲಿಯವರೆಗಿನ ‘ಜೀ’ ಅಂತರವೂ ಹೌದು, ಮರ್ಯಾದೆಯೂ ಹೌದು. ನಮ್ಮ ‘ರೀ’ ಹಾಗೆಯೇ ಅಲ್ಲವೇ? ಒಂದೇ ವ್ಯತ್ಯಾಸ: ನಾವು ಹಿರಿಯರನ್ನು ಕೊನೆಯವರೆಗೂ ‘ರೀ’ಯಲ್ಲೇ ಇಟ್ಟುಬಿಡುತ್ತೇವೆ.

ಕಷ್ಟವಾದದ್ದು ನೇರ ಮಾತು. ಎರಡನೇ ವಾರದ ಸಭೆಯಲ್ಲಿ ನನ್ನ ಪಿಸಿಆರ್ ಜೆಲ್‌ನ ಚಿತ್ರ ತೋರಿಸಿದೆ. ಪಿಸಿಆರ್ ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ; ಆ ನಕಲುಗಳು ಜೆಲ್‌ನಲ್ಲಿ ಪಟ್ಟಿಯಾಗಿ ಕಾಣುತ್ತವೆ. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಸಂಶೋಧಕ ಎಲ್ಲರೆದುರು ‘ಇದು ತಪ್ಪು. ನೆಗೆಟಿವ್ ಕಂಟ್ರೋಲ್ ಎಲ್ಲಿ?’ ಎಂದ. ನೆಗೆಟಿವ್ ಕಂಟ್ರೋಲ್ ಅಂದರೆ ಹೋಲಿಕೆಗೆಂದು ಡಿಎನ್‌ಎ ಹಾಕದೆಯೇ ನಡೆಸುವ ಪರೀಕ್ಷೆ. ಅದಿಲ್ಲದ ಜೆಲ್‌ನಲ್ಲಿ ಕಾಣುವ ಪಟ್ಟಿ ನಿಜವೋ, ಕಲಬೆರಕೆಯೋ ಹೇಳಲಾಗದು. ಅವನ ಮಾತು ಸರಿ. ಆದರೂ ಗಂಟಲು ಕಟ್ಟಿತು. ಹತ್ತು ನಿಮಿಷಕ್ಕೆ ಅದೇ ಮನುಷ್ಯ ಕಾಫಿ ಬಗ್ಗಿಸಿಕೊಟ್ಟು, ಕರ್ನಾಟಕದಲ್ಲಿ ಮಳೆ ಯಾವಾಗ ಶುರುವಾಗುತ್ತದೆ ಎಂದು ಪ್ರೀತಿಯಿಂದ ಕೇಳಿದ. ತಪ್ಪು ಜೆಲ್‌ನದು, ನನ್ನದಲ್ಲ; ಇದು ಅರ್ಥವಾಗಲು ನನಗೆ ತಿಂಗಳು ಬೇಕಾಯಿತು. ಟ್ಯೂಬಿಂಗನ್ ಇರುವುದು ಸ್ವಾಬಿಯಾ ಸೀಮೆಯಲ್ಲಿ. ‘ಬೈಯದಿದ್ದರೆ ಹೊಗಳಿದ ಹಾಗೆ’ ಎಂಬುದು ಅಲ್ಲಿಯ ಗಾದೆ. ಬಹಳ ಮೆಚ್ಚಿದರೆ ‘ಪಸ್ಟ್’ ಅನ್ನುತ್ತಾರೆ, ಸರಿಯಿದೆ ಎಂದರ್ಥ. ನಮ್ಮ ಅಪ್ಪನೂ ಮಾರ್ಕ್ಸ್ ಕಾರ್ಡ್ ನೋಡಿ ‘ಹೂಂ’ ಅಂದು ಸಹಿ ಹಾಕುವವರೇ.

ಜುಲೈನಲ್ಲಿ ನನ್ನ ಕೊನೆಯ ಮಂಡನೆ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿದರು, ಟಕಟಕಟಕ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಮೆಚ್ಚುಗೆ ಹೇಳುವ ರೀತಿ ಅದು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಗುಡ್ಡದ ಮೇಲಿನ ಕೋಟೆಗೆ ಎರಡು ಸಲ ಹೋದೆ. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಸ್ವಿಸ್ ಯುವಕ, ಆಸ್ಪತ್ರೆಯಿಂದ ತಂದ ಕೀವು ಮೆತ್ತಿದ ಬ್ಯಾಂಡೇಜ್ ತೊಳೆದು, ಜೀವಕೋಶದ ಕೇಂದ್ರದಿಂದ ‘ನ್ಯೂಕ್ಲಿನ್’ ಬೇರ್ಪಡಿಸಿದ್ದು ಈ ಕೋಟೆಯ ಹಳೆಯ ಅಡುಗೆಮನೆಯಲ್ಲಿ. ನಾವಿಂದು ಡಿಎನ್‌ಎ ಎನ್ನುವುದರ ಕಥೆ ಶುರುವಾಗುವುದೇ ಅಲ್ಲಿಂದ. ದಿನವೂ ಡಿಎನ್‌ಎ ಹಿಡಿದು ಕೆಲಸ ಮಾಡುವವಳಿಗೆ ಆ ಕಮಾನಿನ ಕೆಳಗೆ ನಿಂತಾಗ ಮೈ ಜುಮ್ಮೆಂದಿತು.

ಇನ್ನೊಂದು ನಂಟು ನನ್ನ ಊರಿನದೇ. ಧಾರವಾಡದಲ್ಲಿ ಕಿಟೆಲ್ ಕಾಲೇಜಿನ ಹೆಸರು ಕೇಳುತ್ತಲೇ ಬೆಳೆದವಳು ನಾನು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಆ ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ರಾತ್ರಿ ಒಂಬತ್ತೂವರೆಗೂ ಬೆಳಕಿರುವ ಜೂನ್ ಸಂಜೆಗಳಲ್ಲಿ ಓಣಿಯಿಂದ ಓಣಿಗೆ ನಡೆಯುತ್ತಾ, ನಮ್ಮ ಮಾತನ್ನು ಪದಪದವಾಗಿ ಬರೆದಿಟ್ಟ ಆ ಮನುಷ್ಯ ಮುಪ್ಪಿನಲ್ಲಿ ಈ ಕಲ್ಲುಹಾಸಿನ ಮೇಲೆ ಓಡಾಡಿರಬೇಕು, ಮನಸ್ಸಿನಲ್ಲಿ ಎಷ್ಟು ಕನ್ನಡ ತುಂಬಿಕೊಂಡಿದ್ದರೋ ಎಂದುಕೊಳ್ಳುತ್ತಿದ್ದೆ.

ಮನೆಯ ಪಾಠ ಬೇರೆ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತದೆ, ಕಾಗದಕ್ಕೊಂದು, ತರಕಾರಿ ಸಿಪ್ಪೆಗೊಂದು ಡಬ್ಬಿ. ಇವೆಲ್ಲ ವಾರದಲ್ಲಿ ರೂಢಿಯಾದವು. ಆದರೆ ಒಂದು ಸೋಮವಾರ ನನ್ನ ಬಾಗಿಲ ಹಿಡಿಕೆಗೆ ‘ಕೇರ್‌ವೋಖೆ’ ಎಂದು ಬರೆದ ಹಲಗೆ ತೂಗುತ್ತಿತ್ತು. ಅಂದರೆ ಕಸ ಹೊಡೆಯುವ ವಾರ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಎಲ್ಲರೂ ಬಳಸುವ ಮೆಟ್ಟಿಲು ಅವರ ಪಾಲಿಗೆ. ನಾನು ಹುರುಪಿನಿಂದ ಬಕೆಟ್ ತುಂಬಿ, ಅಂಗಳಕ್ಕೆ ಹೊಡೆದಂತೆ ಮಗ್ಗಿನಲ್ಲಿ ನೀರು ಹೊಡೆದೆ. ಮೆಟ್ಟಿಲು ಕಟ್ಟಿಗೆಯದು. ಕೆಳಗಿನ ಮನೆಯ ಹಿರಿಯರು ಹೊರಬಂದು, ‘ಜೀ’ ಬಿಡದೆಯೇ, ಕಟ್ಟಿಗೆ ಹಾಳಾಗುತ್ತದೆ ಎಂದು ಗಟ್ಟಿಯಾಗಿ ಹೇಳಿದರು. ಅಳು ಬಂತು. ಅವರು ಒಳಗೆ ಹೋದರು, ಎರಡು ಅರಿವೆ ಹಿಡಿದು ಬಂದು ಮೊಣಕಾಲೂರಿದರು. ಮೊದಲನೆಯದನ್ನು ಚೆನ್ನಾಗಿ ಹಿಂಡಿ ಕಟ್ಟಿಗೆಯ ಎಳೆಯುದ್ದಕ್ಕೂ ಒರೆಸು, ಹಿಂದೆಯೇ ಒಣ ಅರಿವೆ. ಮೇಲಿನಿಂದ ಕೆಳಕ್ಕೆ, ಮೂಲೆ ಬಿಡದೆ. ನಾಲ್ಕು ಮೆಟ್ಟಿಲು ಅವರು, ನಾಲ್ಕು ನಾನು. ಹೀಗೆ ಇಪ್ಪತ್ತೆರಡೂ ಮುಗಿದವು.

ಹೊರಡುವ ಮುಂಚಿನ ವಾರ ಸರದಿ ಮತ್ತೆ ನನ್ನದಾಯಿತು. ಶನಿವಾರ ಒಬ್ಬಳೇ ಒರೆಸಿದೆ, ಮೆಟ್ಟಿಲ ಪಕ್ಕದ ಕೈಹಿಡಿಕೆಯ ಕೆಳಭಾಗವನ್ನೂ ಬಿಡದೆ. ಭಾನುವಾರ ಸಂಜೆ ಹಲಗೆಯನ್ನು ಅವರ ಬಾಗಿಲಿಗೆ ತೂಗುಹಾಕುವಷ್ಟರಲ್ಲಿ ಅವರೇ ಬಾಗಿಲು ತೆರೆದರು. ಕನ್ನಡಕ ಸರಿಮಾಡಿಕೊಂಡು ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

‘ಪಸ್ಟ್’ ಎಂದರು, ಹಲಗೆ ತೆಗೆದುಕೊಂಡು ಒಳಗೆ ಹೋದರು.