ಲೈಬ್ರರಿಯ ಮೆಥಡ್‌ಗೆ ಕೊಕ್ಕೆ ಹಾಕುವುದು ಹೇಗೆ?

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬೇರೆಯವರು ಬರೆದ ಲೈಬ್ರರಿಯ ಮೆಥಡ್ ಓಡುವ ಮುಂಚೆ ಮತ್ತು ಓಡಿದ ಮೇಲೆ ನಮ್ಮ ನಾಲ್ಕು ಸಾಲು ಓಡಬೇಕು. ಆದರೆ ಲೈಬ್ರರಿಯ ಫೈಲ್ ಮುಟ್ಟುವಂತಿಲ್ಲ. ಹೇಗೆ ಸಾರ್?"

ಪ್ರಿಪೆಂಡ್ ಮಾಡಿ, ಅಂದರೆ ನಿಮ್ಮ ಕೋಡನ್ನು ಮುಂದೆ ಜೋಡಿಸಿ ಎನ್ನುತ್ತೇನೆ. ಒಂದು ಮಾಡ್ಯೂಲ್‌ನಲ್ಲಿ ಅದೇ ಹೆಸರಿನ ಮೆಥಡ್ ಬರೆದು, ಒಳಗೆ ಸೂಪರ್ (ಸಾಲಿನಲ್ಲಿ ನಂತರ ಬರುವ ಅದೇ ಹೆಸರಿನ ಮೆಥಡನ್ನು ಓಡಿಸುವ ಪದ) ಕರೆದು, ಆ ಮಾಡ್ಯೂಲನ್ನು ಕ್ಲಾಸಿಗೆ ಪ್ರಿಪೆಂಡ್ ಮಾಡಿದರೆ ಆಯಿತು. ಇನ್‌ಕ್ಲೂಡ್ ಮಾಡಿದರೆ ಮಾಡ್ಯೂಲ್ ಕ್ಲಾಸಿನ ಹಿಂದೆ ನಿಲ್ಲುತ್ತದೆ. ಕ್ಲಾಸಿನ ಮೆಥಡ್ಡೇ ಮೊದಲು ಸಿಗುವುದರಿಂದ ನಿಮ್ಮದನ್ನು ಕೇಳುವವರಿಲ್ಲ. ಪ್ರಿಪೆಂಡ್ ಅದನ್ನು ಕ್ಲಾಸಿಗಿಂತ ಮುಂದೆ ನಿಲ್ಲಿಸುತ್ತದೆ. ನಂಬಿಕೆ ಬಾರದಿದ್ದರೆ ಆನ್ಸೆಸ್ಟರ್ಸ್ ಕರೆದು, ರೂಬಿ ಮೆಥಡ್ ಹುಡುಕುವ ಸಾಲು ನೋಡಿಕೊಳ್ಳಿ.

ಈ ಸೌಲಭ್ಯ ಬಂದದ್ದು 2013ರ ರೂಬಿ 2.0ರಲ್ಲಿ. ಅದಕ್ಕೂ ಮುಂಚೆ ಹಳೆಯ ಮೆಥಡ್‌ಗೆ ಏಲಿಯಾಸ್‌ನಿಂದ ಇನ್ನೊಂದು ಹೆಸರಿಟ್ಟು, ಮೂಲ ಹೆಸರಿನಲ್ಲಿ ಹೊಸದನ್ನು ಬರೆಯುತ್ತಿದ್ದೆವು. ರೂಬಿಯ ವೆಬ್ ಚೌಕಟ್ಟಾದ ರೈಲ್ಸ್‌ನಲ್ಲಿ ಇದಕ್ಕೆಂದೇ ಏಲಿಯಾಸ್ ಮೆಥಡ್ ಚೈನ್ ಇತ್ತು, 5.1ರಲ್ಲಿ ಅದನ್ನು ತೆಗೆದೇಬಿಟ್ಟರು. ಒಳ್ಳೆಯದೇ ಆಯಿತು.

ಏಕೆಂದರೆ ಪ್ರಿಪೆಂಡ್, ಏಲಿಯಾಸ್ ಎರಡನ್ನೂ ಬೆರೆಸಿ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ವೆಬ್ ಸರ್ವರ್ ಸಂಪರ್ಕಿಸುವ ನೆಟ್ ಎಚ್‌ಟಿಟಿಪಿ ಲೈಬ್ರರಿಯ ರಿಕ್ವೆಸ್ಟ್ ಮೆಥಡ್‌ಗೆ ಮೊದಲು ನನ್ನ ಪ್ರಿಪೆಂಡ್ ಬಿತ್ತು, ಆಮೇಲೆ ಬೇರೊಂದು ಜೆಮ್‌ನ (ರೂಬಿ ಲೈಬ್ರರಿಯ ಪ್ಯಾಕೇಜ್) ಏಲಿಯಾಸ್. ಆ ಏಲಿಯಾಸ್ "ಹಳೆಯ ಮೆಥಡ್" ಎಂದು ಹಿಡಿದುಕೊಂಡದ್ದು ನನ್ನ ಮಾಡ್ಯೂಲಿನದನ್ನು. ನನ್ನದು ಸೂಪರ್ ಎಂದು ಆ ಜೆಮ್ ಬರೆದ ಹೊಸ ಮೆಥಡನ್ನು ಕರೆಯಿತು, ಅದು ಹಳೆಯದೆಂದುಕೊಂಡು ನನ್ನನ್ನೇ ಕರೆಯಿತು. ನೀನು ಹೇಳು, ನೀನು ಹೇಳು ಎನ್ನುತ್ತಲೇ ಸ್ಟ್ಯಾಕ್ ತುಂಬಿ ಪ್ರೋಗ್ರಾಂ ಮಲಗಿತು.

ಇನ್ನೊಂದು ಎಡವಟ್ಟು ಸಂಪೂರ್ಣ ನನ್ನದೇ. ಎಷ್ಟು ಹೊತ್ತಾಯಿತು ಎಂದು ಮುದ್ರಿಸುವ ಪುಟ್ಸ್ ಸಾಲನ್ನು ಮೆಥಡ್‌ನ ಕೊನೆಗಿಟ್ಟಿದ್ದೆ. ಮೆಥಡ್ ಮರಳಿಸುವುದು ತನ್ನ ಕೊನೆಯ ಸಾಲಿನ ಮೌಲ್ಯ, ಪುಟ್ಸ್ ಮರಳಿಸುವುದು ನಿಲ್, ಅಂದರೆ ಏನೂ ಇಲ್ಲ. ಹೀಗಾಗಿ ಸರ್ವರ್‌ನಿಂದ ಉತ್ತರ ಬಂದರೂ ಕರೆದವರ ಕೈಗೆ ಸಿಕ್ಕಿದ್ದು ನಿಲ್. ಆ ಸಾಲನ್ನು ಎನ್ಶೂರ್ (ಏನೇ ಆದರೂ ಕೊನೆಗೆ ಓಡುವ ಭಾಗ) ಒಳಗಿಡಿ: ಮೌಲ್ಯ ಕೆಡುವುದಿಲ್ಲ, ಎಕ್ಸೆಪ್ಷನ್ (ದೋಷ) ಬಂದರೂ ಸಮಯ ದಾಖಲಾಗುತ್ತದೆ. ಸೂಪರ್ ಪಕ್ಕದಲ್ಲಿ ಖಾಲಿ ಆವರಣ ಚಿಹ್ನೆಯನ್ನೂ ಹಾಕಬೇಡಿ. ಹಾಕಿದರೆ ಆರ್ಗ್ಯುಮೆಂಟ್‌ಗಳು ಮುಂದಕ್ಕೆ ಹೋಗುವುದಿಲ್ಲ.

ಲೈಬ್ರರಿಯೇ ಬಿಫೋರ್, ಆಫ್ಟರ್ ಎಂದು ಕೊಕ್ಕೆ ಕೊಟ್ಟಿದ್ದರೆ ಇಷ್ಟೆಲ್ಲ ಸಾಹಸ ಬೇಡ, ಅದನ್ನೇ ಬಳಸಿ. ಇಲ್ಲವಾದರೆ, ಮುಂದಿನ ಆವೃತ್ತಿಯಲ್ಲಿ ಅವರು ಮೆಥಡ್‌ನ ಹೆಸರು ಬದಲಿಸಿದಾಗ ನಿಮ್ಮ ಕೊಕ್ಕೆ ಯಾವ ದೋಷವನ್ನೂ ತೋರಿಸದೆ ಸುಮ್ಮನೆ ನೇತಾಡುತ್ತಿರುತ್ತದೆ. ಅದಕ್ಕೆ ನಾನು ಆ ಹೆಸರಿನ ಮೆಥಡ್ ಇದೆಯೇ ಎಂದು ಮೆಥಡ್ ಡಿಫೈನ್ಡ್ ಬಳಸಿ ಕೇಳಿ ನೋಡಿ, ಇಲ್ಲವೆಂದರೆ ಅಲ್ಲೇ ಎಕ್ಸೆಪ್ಷನ್ ಎಸೆಯುತ್ತೇನೆ. ಈ ತಪಾಸಣೆ ಪ್ರಿಪೆಂಡ್‌ಗಿಂತ ಮೇಲಿನ ಸಾಲಿನಲ್ಲಿರಲಿ. ಕೆಳಗಿಟ್ಟರೆ ನಿಮ್ಮದೇ ಮೆಥಡ್ ಕಣ್ಣಿಗೆ ಬಿದ್ದು ರೂಬಿ "ಇದೆ" ಎಂದುಬಿಡುತ್ತದೆ.